ದೇವರಾಜನ ಕೈ

ಅನುಮಾನಂ ಪೆದ್ದರೋಗಂ ಅನ್ನುತ್ತಾರೆ. ಭೀಮೇಶನನ್ನು ಕೇಳಿದ್ದರೆ ಅದು ರೋಗವಲ್ಲ, ಹೊಟ್ಟೆಪಾಡಿನ ವಿದ್ಯೆ ಅನ್ನುತ್ತಿದ್ದ. ಜೆ.ಪಿ. ನಗರದಿಂದ ಸಾರಕ್ಕಿ ಕಡೆಗೆ ತಿರುಗುವ ರಸ್ತೆಯಲ್ಲಿ ಅವನ ಅಂಗಡಿ. ಕಾರಿನ ಗಾಜಿಗೆ ಬಿಸಿಲು ತಡೆಯುವ ಫಿಲಂ ಅಂಟಿಸುವುದು ಅಲ್ಲಿಯ ಕೆಲಸ. ಬಂದವರು ಅದನ್ನು ಟಿಂಟ್ ಅನ್ನಲಿ, ಕೂಲಿಂಗ್ ಪೇಪರ್ ಅನ್ನಲಿ, ಸುತ್ತಿ ಬಳಸಿ ಕೇಳುವುದು ಒಂದೇ ಪ್ರಶ್ನೆ: ಇನ್ನೂ ಸ್ವಲ್ಪ ಕಪ್ಪಗಿರೋದು ಸಿಗುತ್ತಾ? ಕೇಳಿದ ಕೂಡಲೇ ಭೀಮೇಶನ ಕಣ್ಣು ಗಿರಾಕಿಯ ಮುಖದಿಂದ ಕಾಲಿಗೆ ಇಳಿಯುತ್ತಿತ್ತು. ಕಂದು ಬಣ್ಣದ ಬೂಟಾದರೆ ಮಫ್ತಿಯಲ್ಲಿ ಬಂದ ಪೊಲೀಸು. ಬೂಟಲ್ಲದಿದ್ದರೆ ಮುಚ್ಚಿಡಲು ಏನೋ ಇರುವ ಆಸಾಮಿ. ಇಬ್ಬರಿಗೂ ಉತ್ತರ ಒಂದೇ, ಕಾನೂನು ಬಿಟ್ಟಷ್ಟೇ ಸಾರ್. ಜಯನಗರದ ಏಕಾಂತಯ್ಯ ಎಂಬ ನಿವೃತ್ತ ಮೇಷ್ಟರು ಕಣ್ಣಿನ ಆಪರೇಷನ್ ಆಗಿದೆ, ಬೆಳಕು ಚುಚ್ಚುತ್ತದೆ ಎಂದು ಬಂದಾಗ, ಎಲ್ಲಿ ಕನ್ನಡಕ ತೆಗೆದು ತೋರಿಸಿ ಅಂದಿದ್ದ ಪುಣ್ಯಾತ್ಮ. ಮೇಷ್ಟರು ತೋರಿಸಿಯೂ ಇದ್ದರು, ಪಾಪ.

ಇಂಥ ಭೀಮೇಶ ಅನುಮಾನ ಪಡದೆ ಬಿಟ್ಟಿದ್ದು ಒಬ್ಬನನ್ನೇ, ಅಂಗಡಿಯ ಪಾಲುದಾರ ದೇವರಾಜನನ್ನು. ಇಬ್ಬರೂ ಮೀಸೆ ಚಿಗುರುವ ಮೊದಲೇ ಜೆ.ಸಿ. ರೋಡಿನ ಅಂಗಡಿಯೊಂದರಲ್ಲಿ ಕಾರು ಒರೆಸಲು ಸೇರಿದವರು. ಒಂದೇ ಪೊಟ್ಟಣದ ಚಿತ್ರಾನ್ನ ಹಂಚಿಕೊಂಡು ತಿಂದು, ಒಟ್ಟಿಗೇ ಕೆಲಸ ಕಲಿತು, ಕೊನೆಗೆ ಇಬ್ಬರ ಹೆಸರೂ ಸೇರಿಸಿ ‘ಭೀಮದೇವ ಕಾರ್ ಡೆಕೋರ್ಸ್’ ಎಂದು ಬೋರ್ಡು ಬರೆಸಿದ್ದರು. ಕಾರಿನ ಹಿಂದಿನ ದೊಡ್ಡ ಗಾಜಿಗೆ ಫಿಲಂ ಹಾಕಲು ಎರಡು ಜೊತೆ ಕೈ ಬೇಕು. ಒಬ್ಬ ಹಾಳೆಯನ್ನು ಎಳೆದು ಹಿಡಿದರೆ ಇನ್ನೊಬ್ಬ ಅದರ ಬೆನ್ನಿನ ಪೊರೆ ಸುಲಿಯುತ್ತಾ ಸೋಪಿನ ನೀರು ಸಿಂಪಡಿಸಬೇಕು. ಅವರಿಬ್ಬರೂ ಆ ಕೆಲಸವನ್ನು ಒಂದೂ ಮಾತಿಲ್ಲದೆ ಮುಗಿಸುತ್ತಿದ್ದರು. ಭೀಮೇಶ ಬಾಯಿಯ ಮನುಷ್ಯ, ಗಿರಾಕಿಗಳನ್ನು ನೋಡಿಕೊಳ್ಳುವುದು ಅವನ ಪಾಲು. ದೇವರಾಜ ನಾಲ್ಕು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವವನು, ಅದೂ ಮೂಗಿನಲ್ಲಿ.

ಆದರೆ ಕೈ ಅಂದರೆ ದೇವರಾಜನದು. ಬಾಗಿಲಿನ ಗಾಜಿನ ಮೂಲೆಯಲ್ಲಿ ಎಲ್ಲರೂ ಫಿಲಮನ್ನು ಚೌಕವಾಗಿ ಕೊಯ್ಯುತ್ತಾರೆ. ಗಾಜು ಏರಿ ಇಳಿಯುವಾಗ ಆ ಮೂಲೆ ರಬ್ಬರಿಗೆ ತಾಗಿ ತಾಗಿ, ವರ್ಷ ತುಂಬುವುದರೊಳಗೆ ಸಿಪ್ಪೆಯೆದ್ದು ಸುರುಳಿಯಾಗುತ್ತದೆ. ದೇವರಾಜ ಫಿಲಂ ಅಂಟಿಸಿದ ಮೇಲೆ, ಕಟ್ಟಕಡೆಗೆ, ಮೂಲೆಯ ಹತ್ತಿರ ಬ್ಲೇಡನ್ನು ಎತ್ತದೆ ಮಣಿಕಟ್ಟನ್ನಷ್ಟೇ ತಿರುಗಿಸಿ ಅಕ್ಕಿಕಾಳಿನಷ್ಟು ಓರೆ ಕೊಡುತ್ತಿದ್ದ. ಮೂಲೆ ಏಳುತ್ತಿರಲಿಲ್ಲ, ಗಾಜಿಗೆ ಗೀರೂ ಬೀಳುತ್ತಿರಲಿಲ್ಲ. ಕಾರಿನ ಒಡೆಯರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಭೀಮೇಶ ಅದನ್ನು ಕಲಿಯಲು ಬಹಳ ಕಾಲ ಒದ್ದಾಡಿ, ಕಂಡವರ ಗಾಜಿಗೆಲ್ಲ ಗೀರು ಹಾಕಿ, ಕೈಬಿಟ್ಟಿದ್ದ. ತನಗೇ ಬರದ್ದು ಇನ್ನು ಯಾರಿಗೆ ಬಂದೀತು ಎಂಬುದು ಅವನ ಗಟ್ಟಿ ನಂಬಿಕೆ. ಈ ಕಥೆಯ ಕೇಡೆಲ್ಲ ಇರುವುದು ಆ ನಂಬಿಕೆಯಲ್ಲಿ.

ಮಂಗಳವಾರ ಅಂಗಡಿಗೆ ರಜೆ. ಆ ದಿನ ಭೀಮೇಶ ಜೆ.ಸಿ. ರೋಡಿಗೆ ಹೋಗಿ ಫಿಲಮಿನ ರೋಲು ತರುವುದು ರೂಢಿ. ಅಂಥದೊಂದು ಮಂಗಳವಾರ ವಾಪಸು ಬರುತ್ತಾ, ತಾಯಿ ಸಪ್ಪಲಮ್ಮನ ಕನ್ನಡಕ ರಿಪೇರಿಗೆ ಕೊಡೋಣವೆಂದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸ್ಕೂಟರ್ ನಿಲ್ಲಿಸಿದ. ಪಕ್ಕದಲ್ಲಿ ಒಂದು ಬಿಳಿ ಕಾರಿತ್ತು. ದರ್ಜಿಯಾದವನು ಎದುರು ಬಂದವರ ಕಾಲರ್ ನೋಡುವ ಹಾಗೆ, ಕಾರು ಕಂಡರೆ ಗಾಜಿನ ಮೂಲೆ ನೋಡುವುದು ಟಿಂಟ್‌ನವರ ಚಾಳಿ. ನೋಡಿದ. ಅಕ್ಕಿಕಾಳಿನಷ್ಟು ಓರೆ. ನಮ್ಮದೇ ಕೆಲಸ ಎಂದು ಹೆಮ್ಮೆಯಿಂದಲೇ ಬಗ್ಗಿದವನು ಆಮೇಲೆ ನಂಬರ್ ಪ್ಲೇಟ್ ನೋಡಿದ. ಈ ಕಾರು ತನ್ನ ಅಂಗಡಿಗೆ ಬಂದೇ ಇರಲಿಲ್ಲ. ಬಂದ ಕಾರನ್ನು ಭೀಮೇಶ ಮರೆಯುವವನಲ್ಲ. ಅನುಮಾನದ ಮನುಷ್ಯರಿಗೆ ನೆನಪು ಜಾಸ್ತಿ.

ಯಾರದೋ ಕಾರು ಕೈ ಬದಲಾಗಿರಬಹುದು ಎಂದು ಸಮಾಧಾನ ಮಾಡಿಕೊಂಡ. ಆದರೆ ಬನಶಂಕರಿ ದೇವಸ್ಥಾನದ ಹತ್ತಿರ ಇನ್ನೊಂದು ಕಂಡಿತು. ಬಿಟಿಎಂನ ಹೋಟೆಲೊಂದರ ಮುಂದೆ ಮತ್ತೊಂದು. ಎಲ್ಲವೂ ಹಿಂದೆಂದೂ ಕಾಣದ ಕಾರುಗಳು, ಎಲ್ಲದರ ಮೂಲೆಯಲ್ಲೂ ದೇವರಾಜನ ಕೈ. ಹುಳ ತಲೆಯೊಳಕ್ಕೆ ಹೊಕ್ಕಿತು. ಹೊಕ್ಕ ಮೇಲೆ ಕೇಳಬೇಕೆ? ದೇವರಾಜ ಫೋನ್ ಬಂದರೆ ಅಂಗಡಿಯ ಹೊರಗೆ ಹೋಗಿ ಮಾತಾಡುವುದು, ಮಂಗಳವಾರ ಮಾತ್ರ ಕರೆಗೆ ಅವನು ಸಿಗದಿರುವುದು, ಫಿಲಮಿನ ತುಂಡುಗಳನ್ನು ಕಸಕ್ಕೆ ಹಾಕದೆ ಸುತ್ತಿ ಚೀಲಕ್ಕೆ ಸೇರಿಸುವುದು, ಹೀಗೆ ನಿನ್ನೆಯವರೆಗೆ ಲೆಕ್ಕಕ್ಕೇ ಬರದಿದ್ದುದೆಲ್ಲ ಈಗ ಸಾಕ್ಷಿಯಾಗಿ ಎದ್ದು ನಿಂತವು. ಮಂಗಳವಾರ ಎಲ್ಲಿದ್ದೆ ಎಂದು ಕೇಳಿದರೆ ದೇವರಾಜ ‘ಇಲ್ಲೇ’ ಅಂದ. ಇಲ್ಲೇ ಅಂದರೆ ಎಲ್ಲಿ ಎಂದು ಭೀಮೇಶ ಮತ್ತೆ ಕೇಳಲಿಲ್ಲ. ಹಿಡಿಯುವುದಾದರೆ ಬುಡಸಮೇತ ಹಿಡಿಯಬೇಕು ಎಂದುಕೊಂಡ.

ಮನೆಯಲ್ಲೂ ಅದೇ ಮಾತು. ಸಿದ್ದಾಪುರದ ಗಲ್ಲಿಯೊಂದರಲ್ಲಿ ಅವನ ಮನೆ; ತಾಯಿ, ಹೆಂಡತಿ ಕಲ್ಯಾಣಿ, ತಾನು. ಕಲ್ಯಾಣಿ ಇತ್ತೀಚೆಗೆ ಭಾನುವಾರಗಳಲ್ಲಿ ಮದುವೆ ಮನೆಗಳಿಗೆ ಬಡಿಸಲು ಅಡುಗೆ ಕಂಟ್ರಾಕ್ಟಿನವರ ಜೊತೆ ಹೋಗುತ್ತಿದ್ದಳು. ಗಂಡ ಕಾರುಗಳ ವಿಷಯ ತೆಗೆದಾಗ ಅವಳು ಮುದ್ದೆ ತಿರುವುತ್ತಿದ್ದಳು. ಕೋಲು ಒಂದು ಗಳಿಗೆ ನಿಂತಿತು. ದೇವಣ್ಣ ಅಂಥವರಲ್ಲ, ಬಿಟ್ಟುಹಾಕಿ ಅಂದಳು. ಸಪ್ಪಲಮ್ಮನೂ ಸೊಸೆಯ ಕಡೆಗೇ ಸೇರಿದಳು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ, ಒಂದಿನ ಸಿಕ್ಕೇ ಸಿಗುತ್ತಾನೆ ಎಂದು ಭೀಮೇಶ ಕೈ ತೊಳೆದ. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡದ್ದು ಅವನಿಗೆ ಕಾಣಲಿಲ್ಲ. ಊರಿನವರ ಬೂಟು ನೋಡುವವನಿಗೆ ಮನೆಯವರ ಮುಖ ನೋಡಲು ಪುರುಸೊತ್ತು ಎಲ್ಲಿ?

ಕೊನೆಗೆ ಒಂದು ಬೆಳಿಗ್ಗೆ, ಅಂಗಡಿಯ ಷಟರ್ ಎತ್ತಿ ಊದಿನಕಡ್ಡಿ ಹಚ್ಚಿದ ಕೂಡಲೇ, ಭೀಮೇಶ ತನ್ನ ಫೋನನ್ನು ದೇವರಾಜನ ಮುಂದೆ ಹಿಡಿದ. ಅದರಲ್ಲಿ ಆ ಬಿಟಿಎಂ ಕಾರಿನ ಮೂಲೆಯ ಫೋಟೋ ಇತ್ತು.

“ಇದು ಯಾರ ಕೈ?”

ದೇವರಾಜ ಫೋನ್ ತೆಗೆದುಕೊಂಡು, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ನೋಡಿದ. ನೋಡುತ್ತಾ ನೋಡುತ್ತಾ ಅವನ ತುಟಿಯ ಅಂಚಿಗೆ ಒಂದು ನಗು ಬಂತು. ಕದ್ದು ಹಾಲು ಕುಡಿದ ಬೆಕ್ಕಿನ ನಗು ಅನ್ನಿಸಿತು ಭೀಮೇಶನಿಗೆ. ಮೈಯೆಲ್ಲ ಉರಿದುಹೋಯಿತು.

“ನಾನು ಹಾಕಿದ್ದಲ್ಲ ಮಗಾ,” ಅಂದ ದೇವರಾಜ.

“ಮತ್ತೆ ಇನ್ಯಾರು?”

ಮಕ್ಕಳ ಮೇಲೆ ಆಣೆ ಇಡು ಅಂದ ಭೀಮೇಶ. ದೇವರಾಜ ಹಿಂದೆ ಮುಂದೆ ನೋಡದೆ ಆಣೆ ಇಟ್ಟ, ಆ ಕಾರುಗಳಲ್ಲಿ ಒಂದನ್ನೂ ತಾನು ಮುಟ್ಟಿಲ್ಲ ಎಂದ. ಹಾಗಾದರೆ ಮುಟ್ಟಿದವರ ಹೆಸರು ಹೇಳು ಎಂದರೆ, ಅದು ಹೇಳೋಕಾಗಲ್ಲ ಎಂದು ನೆಲ ನೋಡಿದ. ಆಣೆ ಸುಳ್ಳಿರಲಿ ನಿಜವಿರಲಿ, ಆ ಮೌನ ಮಾತ್ರ ತಪ್ಪೊಪ್ಪಿಗೆ ಎಂದು ಭೀಮೇಶ ತೀರ್ಪು ಕೊಟ್ಟುಬಿಟ್ಟ.

“ಉಂಡ ಮನೆ ಜಂತೆ ಎಣಿಸೋನು ನೀನು. ನಂಗೆ ಗೊತ್ತಾಗ್ಲಿಲ್ಲ ನೋಡು ಇಷ್ಟು ವರ್ಷ. ಹೊರಡು.”

ದೇವರಾಜ ತನ್ನ ಊಟದ ಡಬ್ಬಿ ತೆಗೆದುಕೊಂಡು ಹೊರಟ. ಅವನು ರಸ್ತೆ ದಾಟುವ ಮೊದಲೇ ಭೀಮೇಶ ಏಣಿ ಹಾಕಿ, ಬೋರ್ಡಿನಲ್ಲಿ ‘ದೇವ’ ಎಂದಿದ್ದ ಕಡೆ ಕಪ್ಪು ಫಿಲಮಿನ ತುಂಡೊಂದನ್ನು ಅಂಟಿಸಿದ. ಆತುರದಲ್ಲಿ ಅಂಟಿಸಿದ್ದಕ್ಕೆ ಒಳಗೆ ಗುಳ್ಳೆಗಳು ಉಳಿದವು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಒಬ್ಬನೇ ಹಿಂದಿನ ಗಾಜಿಗೆ ಹಾಕಲು ಹೋದರೆ ಫಿಲಂ ತನ್ನ ಮೇಲೆ ತಾನೇ ಮಡಚಿ ಅಂಟಿಕೊಳ್ಳುತ್ತಿತ್ತು. ಗಿರಾಕಿಗಳು ಮುಖ ಸಿಂಡರಿಸಿದರು. ಹೊಸಬರನ್ನು ಇಟ್ಟುಕೊಳ್ಳೋಣವೆಂದರೆ ಬಂದವರೆಲ್ಲರ ಕಣ್ಣಲ್ಲೂ ಕಳ್ಳನೇ ಕಂಡ. ಮನೆಗೆ ಬಂದರೆ ಕಲ್ಯಾಣಿಯದು ಅತ್ತ ಕಣ್ಣು; ಏನಾಯಿತು ಎಂದರೆ ಈರುಳ್ಳಿ ಅನ್ನುತ್ತಿದ್ದಳು. ಇವನಿಗೆ ದೇವರಾಜನ ನೆನಪು ಬಾರದ ದಿನವಿಲ್ಲ. ನೆನಪು ಬಂದಾಗಲೆಲ್ಲ ಆ ನಗುವೂ ಬರುತ್ತಿತ್ತು. ಆಗ ದುಃಖಕ್ಕಿಂತ ಸಿಟ್ಟೇ ಮೇಲಾಗಿ ಒಂಥರಾ ನೆಮ್ಮದಿಯೂ ಆಗುತ್ತಿತ್ತು.

ಹೀಗಿರುವಾಗ ಬನ್ನೇರುಘಟ್ಟ ರಸ್ತೆಯ ಸಿಗ್ನಲ್‌ನಲ್ಲಿ ಒಂದು ನೀಲಿ ಕಾರು ಅವನ ಸ್ಕೂಟರಿನ ಪಕ್ಕ ನಿಂತಿತು. ಮೂಲೆಯಲ್ಲಿ ಅದೇ ಓರೆ. ಜೊತೆಗೆ ಇನ್ನೊಂದು ವಿಷಯ ಕಂಡಿತು. ಹೊಸದಾಗಿ ಹಾಕಿದ ಫಿಲಮಿನ ಒಳಗೆ ನೀರಿನ ಪಸೆ ಉಳಿದು ಬೆಳ್ಳಗೆ ಮಬ್ಬಾಗಿ ಕಾಣುತ್ತದೆ. ಕೆಲವು ದಿನ ಬಿಸಿಲಿಗೆ ನಿಂತ ಮೇಲೆಯೇ ಅದು ಆರುವುದು. ಈ ಗಾಜಿನಲ್ಲಿ ಆ ಮಬ್ಬು ಹಾಗೇ ಇತ್ತು. ಅಂದರೆ ಕೆಲಸ ಈ ವಾರದ್ದೇ. ಆಣೆ ಇಟ್ಟವನು, ಅಂಗಡಿ ಬಿಟ್ಟ ಮೇಲೂ ದಂಧೆ ನಡೆಸಿದ್ದಾನೆ. ಮುಂದಿನ ಗಾಜಿನಲ್ಲಿ ಹುಳಿಮಾವು ಕಡೆಯ ದೊಡ್ಡ ಅಪಾರ್ಟ್‌ಮೆಂಟೊಂದರ ಸ್ಟಿಕ್ಕರ್ ಇತ್ತು. ಭೀಮೇಶ ಅದನ್ನು ಮನಸ್ಸಿನಲ್ಲಿ ಬರೆದುಕೊಂಡ. ಬಿಳಿ ಕಾರಿನಲ್ಲೂ ಅಂಥದೇ ಸ್ಟಿಕ್ಕರ್ ನೋಡಿದ ನೆನಪಾಯಿತು.

ಭಾನುವಾರ ಅಲ್ಲಿಗೆ ಹೋದ. ಗೇಟಿನಲ್ಲಿ ತಡೆದ ಸೆಕ್ಯೂರಿಟಿಯವನಿಗೆ, ಕಾರಿನ ಫಿಲಂ ಕೆಲಸಕ್ಕೆ ಬಂದಿದ್ದೀನಿ ಎಂದು ಅರ್ಧ ನಿಜ ಹೇಳಿದ. ಅವನು ಮೊದಲು ಒಪ್ಪದೆ, ಆಮೇಲೆ ಫಿಲಂ ಅಕ್ಕನ ಕಡೆಯವರಾ, ಬೇಸ್‌ಮೆಂಟಿನಲ್ಲಿದ್ದಾರೆ ಹೋಗಿ ಎಂದು ಬಿಟ್ಟ. ಇಳಿಜಾರಿನಲ್ಲಿ ಇಳಿಯುತ್ತಾ ಭೀಮೇಶನ ತಲೆ ಗಾಣದ ಹಾಗೆ ತಿರುಗಿತು. ಅಕ್ಕ ಬೇರೆ ಇದ್ದಾಳೆ! ಯಾವಳನ್ನೋ ಸೇರಿಸಿಕೊಂಡು ಸಂಸಾರ ಹೂಡಿದ್ದಾನೆ ಕಳ್ಳ. ಮಂಗಳವಾರ ಫೋನ್ ಎತ್ತದ್ದು ಇದಕ್ಕೇ. ಮನೆಯಲ್ಲಿ ಪಾಪ ಅವನ ಹೆಂಡತಿಗೆ ಗೊತ್ತಿದೆಯೋ ಇಲ್ಲವೋ. ಅವನಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಬಾಯಲ್ಲಿ ಜೋಡಿಸಿಕೊಂಡು ಕಂಬಗಳ ನಡುವೆ ನಡೆದ.

ಕೊನೆಯ ಸಾಲಿನಲ್ಲಿ ಒಂದು ಕೆಂಪು ಕಾರು. ಹಿಂದಿನ ಬಾಗಿಲು ತೆರೆದಿತ್ತು, ಸೀಟಿನ ಮೇಲೆ ಟವಲ್ ಹಾಸಿತ್ತು. ಒಳಗೆ ಒಬ್ಬಳು ಹೆಂಗಸು ಮಂಡಿಯೂರಿ ಕೂತು ಗಾಜಿನ ಕಡೆ ಮುಖ ಮಾಡಿದ್ದಳು. ಬಳೆಗಳನ್ನು ಮೊಣಕೈಯವರೆಗೆ ಸರಿಸಿ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದಳು. ಹೆಜ್ಜೆ ಸಪ್ಪಳ ಕೇಳಿ ತಿರುಗಿ ನೋಡದೆಯೇ ಅಂದಳು:

“ಅಲ್ಲೇ ನಿಲ್ಲಿ ಅಣ್ಣ. ಧೂಳೇಳುತ್ತೆ.”

ಕಲ್ಯಾಣಿಯ ದನಿ.

ಭೀಮೇಶ ನಿಂತ. ನಿಂತದ್ದು ಹೆಂಡತಿ ಹೇಳಿದ್ದಕ್ಕಲ್ಲ. ಫಿಲಮಿನ ಅಂಟು ತೆರೆದಿರುವಾಗ ಒಂದು ಕಣ ಧೂಳು ಕೂತರೂ ಅದು ಶಾಶ್ವತವಾಗಿ ಮೊಡವೆಯಾಗುತ್ತದೆ. ಆ ಹೊತ್ತಿನಲ್ಲಿ ಯಾವ ಟಿಂಟ್‌ನವನೂ ಹೆಜ್ಜೆ ಎತ್ತುವುದಿಲ್ಲ. ಎದೆಯೊಳಗೆ ಬೆಂಕಿ ಬಿದ್ದಿದ್ದರೂ ಅವನ ಕಾಲು ಆ ಕಟ್ಟಳೆ ಮುರಿಯಲಿಲ್ಲ. ಕಲ್ಯಾಣಿ ಗಾಜಿನಲ್ಲಿ ಅವನ ನೆರಳು ಕಂಡಳು. ಅವಳ ಭುಜ ಒಂದು ಸಲ ಬಿಗಿಯಾಯಿತು, ಕೈ ನಿಲ್ಲಲಿಲ್ಲ. ರಬ್ಬರ್ ಪಟ್ಟಿಯಿಂದ ನೀರನ್ನು ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ತಳ್ಳಿದಳು. ಆ ಲಯ ಭೀಮೇಶ ಬಲ್ಲದ್ದೇ. ಕಡೆಗೆ ಬ್ಲೇಡು ಮೂಲೆಗೆ ಬಂತು. ಮಣಿಕಟ್ಟು ತಿರುಗಿತು. ಅಕ್ಕಿಕಾಳಿನಷ್ಟು ತುಣುಕು ಟವಲಿನ ಮೇಲೆ ಉದುರಿತು. ಎಂಥ ಕೈ ಎಂದು ಅವನಿಗೆ ನಿಜವಾಗಿ ಸಂತೋಷವಾಯಿತು. ಆ ಸಂತೋಷ ಎರಡನೇ ಉಸಿರಿಗೆ ಇರಲಿಲ್ಲ. ಮಂಗಳವಾರಗಳು ನೆನಪಾದವು, ತಾನು ಜೆ.ಸಿ. ರೋಡಿನಲ್ಲಿ ಇರುತ್ತಿದ್ದ ಮಂಗಳವಾರಗಳು.

ಅವಳು ಹೊರಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಅವಳೇ ಮೊದಲು ಮಾತಾಡಲಿ ಎಂದು ಅವನು ಕಾದ. ಕೊನೆಗೆ ತಾನೇ ಕೇಳಿದ.

“ಎಲ್ಲಿ ಕಲಿಸ್ದ ಅವನು ನಿಂಗೆ?”

ಕಲ್ಯಾಣಿ ಟವಲಿನ ಮೇಲೆ ಬಿದ್ದಿದ್ದ ತುಣುಕನ್ನು ಹೆಕ್ಕಿಕೊಂಡಳು.

“ಯಾಕೆ ಕಲ್ತೆ ಅಂತ ಕೇಳ್ಲಿಲ್ಲ ನೀವು. ಚೆನ್ನಾಗಿ ಹಾಕ್ದೆ ಅಂತಾನೂ ಅನ್ಲಿಲ್ಲ. ಎಲ್ಲಿ ಅಂತ ಕೇಳಿದ್ರಿ.”

ಆಮೇಲೆ ಅವಳು ದನಿ ಏರಿಸದೆ ಎಲ್ಲವನ್ನೂ ಹೇಳಿದಳು. ಕಲಿತದ್ದು ತಮ್ಮ ಮನೆಯ ಬಾಗಿಲಲ್ಲೇ, ನಡುಹಗಲಲ್ಲಿ, ಗಲ್ಲಿಯ ಜನರೆಲ್ಲ ನೋಡುತ್ತಿದ್ದಾಗ. ಗುಜರಿಯಿಂದ ತಂದ ಹಳೆಯ ಕಾರಿನ ಬಾಗಿಲೊಂದನ್ನು ಗೋಡೆಗೆ ಆನಿಸಿ, ಅಂಗಡಿಯ ಬೇಡದ ತುಂಡುಗಳಲ್ಲಿ ದೇವಣ್ಣ ತೋರಿಸಿಕೊಟ್ಟಿದ್ದ. ಅಮ್ಮ ಕೂತಿದ್ದರೆ ಮಾತ್ರ ಕಲಿಸುತ್ತೇನೆ ಎಂಬ ಕರಾರು ಹಾಕಿದ್ದೂ ಅವನೇ. ಸಪ್ಪಲಮ್ಮ ಮೆಟ್ಟಿಲ ಮೇಲೆ ಕೂತು, ಸ್ಪ್ರೇ ಬಾಟಲಿ ಹಿಡಿದು, ನೀರು ಅಂದಾಗ ನೀರು ಹೊಡೆಯುತ್ತಿದ್ದಳಂತೆ. ಭೀಮೇಶನಿಗೆ ಆ ಬಾ‌ಗಿಲು ನೆನಪಿತ್ತು. ನೀರಿನ ಡ್ರಮ್ಮಿನ ಹಿಂದೆ ಅದನ್ನು ಕಂಡು ಇದೇನು ಎಂದು ಕೇಳಿದ್ದ. ಮೋರಿಯಿಂದ ಹೆಗ್ಗಣ ಬರದ ಹಾಗೆ ಅಡ್ಡ ಇಟ್ಟಿದ್ದೀನಿ ಎಂದು ತಾಯಿ ಹೇಳಿದ್ದಳು. ಮೇಷ್ಟರ ಕಣ್ಣನ್ನೇ ನಂಬದವನು ಹೆಗ್ಗಣವನ್ನು ನಂಬಿದ್ದ.

ಮೊದಲು ಕೇಳಿದ್ದು ನಿಮ್ಮನ್ನೇ, ಅಂದಳು ಕಲ್ಯಾಣಿ. ಕೆಲಸ ಕಲಿಸಿ ಎಂದರೆ, ಅಂಗಡಿಗೆ ಎಂಥೆಂಥವರೋ ಬರುತ್ತಾರೆ, ಯಾರು ಹೇಗೆ ನೋಡುತ್ತಾರೋ, ನೀನು ಮನೆಯಲ್ಲಿರು ಎಂದು ನಕ್ಕಿದ್ದಿರಿ. ಅದು ನಿಜ, ಭೀಮೇಶನಿಗೆ ಈಗ ನೆನಪಾಯಿತು. ಈ ಅಪಾರ್ಟ್‌ಮೆಂಟಿನ ಶುಭಾ ಮೇಡಂ ಎಂಬವರಿಗೆ ಗೊತ್ತಿಲ್ಲದ ಗಂಡಸರು ಬೇಸ್‌ಮೆಂಟಿಗೆ ಬರುವುದು ಇಷ್ಟವಿರಲಿಲ್ಲ. ಅವರ ಕಾರಿಗೆ ಹಾಕಿದ್ದು ನೋಡಿ ಮಿಕ್ಕ ಹೆಂಗಸರೂ ಕರೆದರು. ಭಾನುವಾರದ ಮದುವೆ ಮನೆಗಳೆಲ್ಲ ಸುಳ್ಳು. ಯಾರಿಗೂ ಹೇಳಬೇಡಿ, ಸಮಯ ನೋಡಿ ನಾನೇ ಹೇಳುತ್ತೇನೆ ಎಂದು ದೇವಣ್ಣನ ಹತ್ತಿರ ಮಾತು ತೆಗೆದುಕೊಂಡವಳು ಅವಳೇ. ಫೋಟೋ ನೋಡಿ ಅವನು ನಕ್ಕದ್ದು ಯಾಕೆ ಎಂದು ಭೀಮೇಶನಿಗೆ ಯಾರೂ ಹೇಳಬೇಕಾಗಲಿಲ್ಲ. ಕಲಿಸಿದವನಿಗೆ ಕಲಿತವಳ ಕೆಲಸ ಕಂಡು ಬಂದ ನಗು ಅದು.

“ದೇವಣ್ಣನ್ನ ನೀವು ಕಳಿಸಿದ ದಿನ ನಾನು ಅವರಿಗೆ ಫೋನ್ ಮಾಡಿ ಅತ್ಬಿಟ್ಟೆ. ಹೇಳ್ಬಿಡ್ತೀನಿ ಅಂದೆ. ಈಗ ಹೇಳಿದ್ರೆ ಅನುಮಾನ ನನ್ನ ಬಿಟ್ಟು ನಿಮ್ಮ ಮೇಲೆ ಕೂರುತ್ತೆ ಅತ್ತಿಗೆ, ಸ್ವಲ್ಪ ತಣ್ಣಗಾಗ್ಲಿ ಅಂದ್ರು. ನಾನೂ ಹೆದರಿ ಸುಮ್ನಾದೆ. ಅದು ನನ್ನ ತಪ್ಪು. ಆದ್ರೆ ಹೆದರಿದ್ದು ತಪ್ಪಲ್ಲ ಅಂತ ಈಗ ಗೊತ್ತಾಯ್ತು.”

ಭೀಮೇಶನಿಗೆ ನಾಚಿಕೆಯಾಯಿತು. ತನ್ನ ತಾಯಿ, ಹೆಂಡತಿ, ಗೆಳೆಯ, ಗಲ್ಲಿಯ ಜನ, ಎಲ್ಲರೂ ಸೇರಿ ಒಂದು ಒಳ್ಳೆಯ ಸುದ್ದಿಯನ್ನು ತನ್ನೊಬ್ಬನಿಂದ ಬಚ್ಚಿಟ್ಟಿದ್ದರು, ಅದೂ ಕೆಟ್ಟ ಸುದ್ದಿಯನ್ನು ಬಚ್ಚಿಡುವ ಹಾಗೆ. ಕಲ್ಯಾಣಿ ಸಾಮಾನು ಚೀಲಕ್ಕೆ ತುಂಬಿಕೊಂಡಳು. ನಡೀರಿ, ದೇವಣ್ಣನ ಮನೆಗೆ, ನಾನೂ ಬರ್ತೀನಿ ಅಂದಳು.

ಸುಬ್ರಹ್ಮಣ್ಯಪುರದಲ್ಲಿ ದೇವರಾಜ ಮನೆಯ ಮುಂದೆ ಗಾಡಿ ತೊಳೆಯುತ್ತಿದ್ದ. ಉತ್ತರಹಳ್ಳಿ ರಸ್ತೆಯ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದ್ದಾನೆ ಎಂದು ದಾರಿಯಲ್ಲಿ ಕಲ್ಯಾಣಿಯೇ ಹೇಳಿದ್ದಳು. ಗಂಡ ಹೆಂಡತಿಯನ್ನು ಒಟ್ಟಿಗೆ ಕಂಡು ಅವನಿಗೆ ವಿಷಯ ಅರ್ಥವಾಯಿತು. ಪೈಪು ನಿಲ್ಲಿಸಿ, ಒಳಗಿಂದ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ಭೀಮೇಶ ಕೂರಲಿಲ್ಲ. ಅವನ ಒದ್ದೆ ಕೈಗಳೆರಡನ್ನೂ ಹಿಡಿದುಕೊಂಡು, ತಪ್ಪಾಯ್ತು ಮಗಾ ಎಂದು ಅತ್ತುಬಿಟ್ಟ. ನಾಳೆಯಿಂದ ಅಂಗಡಿಗೆ ಬಾ, ಬೋರ್ಡು ಈಗಲೇ ಸರಿಮಾಡುತ್ತೇನೆ, ನಾಲ್ಕು ಜನರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ, ಏನು ಬೇಕಾದರೂ ಹೇಳು ಅಂದ. ದೇವರಾಜ ಕೈ ಬಿಡಿಸಿಕೊಳ್ಳಲಿಲ್ಲ. ಜೀವಮಾನದಲ್ಲಿ ಆಡದಷ್ಟು ಮಾತನ್ನು ಅವನು ಆ ಹೊತ್ತು ಆಡಿದ.

“ಕಳ್ಳ ಅಂದಿದ್ದಕ್ಕೆ ಬೇಜಾರಿಲ್ಲ ನಂಗೆ. ಸಿಟ್ಟಲ್ಲಿ ಜನ ಏನೇನೋ ಅಂತಾರೆ. ಆದ್ರೆ ನಾನು ಮಾತು ಕಮ್ಮಿ, ನಿಂಗೊತ್ತು. ಮುಂಚೆ ನಾನು ಸುಮ್ನಿದ್ರೆ ನೀನೂ ಸುಮ್ನಿರ್ತಿದ್ದೆ. ಈಗ ನಾನು ಸುಮ್ನಿದ್ರೆ ನಿಂಗೆ ಕಳ್ಳತನ ಕೇಳ್ಸುತ್ತೆ. ದಿನಾ ಬಾಯಿ ಬಿಟ್ಟು ನಾನು ಒಳ್ಳೆಯವನು ಅಂತ ಹೇಳ್ಕೊಂಡು ಕೆಲಸ ಮಾಡೋಕೆ ನನ್ನ ಕೈಲಾಗಲ್ಲ ಗುರು.”

ಇನ್ನು ಮೇಲೆ ಅನುಮಾನ ಪಡುವುದಿಲ್ಲ, ತಾಯಾಣೆ, ಅಂದ ಭೀಮೇಶ. ದೇವರಾಜ ಅವನ ಮುಖವನ್ನೇ ನೋಡಿದ.

“ಅತ್ತಿಗೇನ ಅಲ್ಲಿ ನೋಡಿದಾಗ, ಮೊದಲು ಏನು ಕೇಳ್ದೆ?”

ಭೀಮೇಶ ಕಲ್ಯಾಣಿಯ ಕಡೆ ತಿರುಗಿದ. ಅವಳು ಸಹಾಯಕ್ಕೆ ಬರಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎದುರು ಮನೆಯ ಗೇಟು ನೋಡುತ್ತಿದ್ದಳು. ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಒಂದು ಬಂದೂ ಇತ್ತು. ಆದರೆ ಇವತ್ತು ಈ ಇಬ್ಬರ ಮುಂದೆ ಸುಳ್ಳು ಹೇಳಿದರೆ ಮತ್ತೆ ಎದುರು ನಿಲ್ಲುವ ಯೋಗ್ಯತೆಯೂ ಉಳಿಯುವುದಿಲ್ಲ ಎಂದು ಅವನಿಗೆ ತಿಳಿಯಿತು.

“ಎಲ್ಲಿ ಕಲಿಸ್ದ ಅಂತ ಕೇಳ್ದೆ.”

ದೇವರಾಜ ತಲೆಯಾಡಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಭೀಮೇಶನಿಗೆ ತಡೆಯಲಾಗಲಿಲ್ಲ. ಮೆಲ್ಲಗೆ ಕೈ ಬಿಡಿಸಿಕೊಂಡು, ಕಾಫಿ ಕುಡಿದು ಹೋಗಿ ಎಂದು, ಕಾಫಿ ಮಾಡುವಂತೆ ಒಳಗೆ ಕೂಗಿ ಹೇಳಿದ. ಕಾಫಿ ಬಂತು. ಹಳೆಯ ಅಂಗಡಿಯ ಗಿರಾಕಿಗಳ ಬಗ್ಗೆ ದೇವರಾಜ ಎರಡು ಮಾತು ವಿಚಾರಿಸಿದ. ಮೇಷ್ಟರ ಇನ್ನೊಂದು ಕಣ್ಣಿನ ಆಪರೇಷನ್ ಆಯಿತೇ ಎಂದು ಕೇಳಿದ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬುದನ್ನು ಸಣ್ಣಂದಿನಿಂದ ಕೇಳಿದ್ದ ಭೀಮೇಶ, ಆ ಕಾಫಿ ಲೋಟ ಹಿಡಿದು ಕೂತಾಗ ಅದರ ಅರ್ಥ ತಿಳಿದುಕೊಂಡ. ಹೊರಡುವಾಗ ದೇವರಾಜ ಕಲ್ಯಾಣಿಗೆ, ಹಿಂದಿನ ಗಾಜು ಹಾಕುವಾಗ ಆತುರ ಮಾಡಬೇಡಿ ಅತ್ತಿಗೆ, ಎಂದಷ್ಟೇ ಹೇಳಿದ.

ವಾಪಸು ಬರುವಾಗ ಬನಶಂಕರಿ ಹತ್ತಿರದ ಸಿಗ್ನಲ್ ಕೆಂಪಾಯಿತು. ಭೀಮೇಶ ಗಾಡಿ ನಿಲ್ಲಿಸಿ, ಹಿಂದೆ ತಿರುಗದೆ ಕೇಳಿದ.

“ಯಾಕೆ ಕಲ್ತೆ ಕಲ್ಯಾಣಿ?”

ಬಸ್ಸೊಂದು ಪಕ್ಕಕ್ಕೆ ಬಂದು ನಿಂತಿತು.

“ನಿಮ್ಮ ಜೊತೆ ಅಂಗಡೀಲಿ ಕೆಲಸ ಮಾಡ್ಬೇಕು ಅಂತ ಆಸೆ ಇತ್ತು. ಅದಕ್ಕೆ.”

ಈಗ ಇದೆಯೋ ಇಲ್ಲವೋ ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ದೀಪ ಹಸಿರಾಯಿತು, ಹಿಂದಿನವರು ಹಾರ್ನ್ ಹೊಡೆದರು, ಅವನು ಗಾಡಿಯನ್ನು ಮುಂದಕ್ಕೆ ಬಿಟ್ಟ.